ಅರಿವು, ಅಭ್ಯಾಸ ಮತ್ತು ಖಿನ್ನತೆ: ಒಂದು ಚಿಕಿತ್ಸೆಯ ತಾತ್ತ್ವಿಕ ವಿಚಾರ

ದುಃಖಕ್ಕೆ ಮೂಲ ಮಿಥ್ಯಾಜ್ಞಾನ, ಆದ್ದರಿಂದ ದುಃಖ ಹೋಗಬೇಕಾದರೆ ಸರಿಯಾದ ಅರಿವು ಹುಟ್ಟಬೇಕು ಎಂಬ ವಿಚಾರ ಭಾರತೀಯ ದರ್ಶನಗಳಲ್ಲಿ ಬಹು ಹಳೆಯದು. ನ್ಯಾಯ, ಸಾಂಖ್ಯ, ಬೌದ್ಧ, ಅದ್ವೈತ ದರ್ಶನಗಳು ಆ ಮಿಥ್ಯಾಜ್ಞಾನ ಯಾವುದರ ಕುರಿತದ್ದು ಎಂಬಲ್ಲಿ ಒಂದರ ಮಾತನ್ನು ಇನ್ನೊಂದು ಒಪ್ಪುವುದಿಲ್ಲವಾದರೂ, ತಪ್ಪು ತಿಳಿವಳಿಕೆ ಕಳಚಿದರೆ ಅದರ ಬೆನ್ನಿಗೆ ಬಂದ ದುಃಖವೂ ಕಳಚುತ್ತದೆ ಎಂಬ ಸರಣಿಯನ್ನು ನಾಲ್ಕೂ ಒಪ್ಪುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ವೈದ್ಯರ ಬಾಯಲ್ಲಿ ಸಿಬಿಟಿ ಎಂದೇ ರೂಢವಾಗಿರುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಇದೇ ಸರಣಿಯನ್ನು ಮೋಕ್ಷದ ಮಾತಿಲ್ಲದೆ ಲೌಕಿಕ ದುಃಖವೊಂದಕ್ಕೆ ಅನ್ವಯಿಸಿತು. ದರ್ಶನಕಾರರಿಗೆ ಒದಗದ ಒಂದು ಅನುಕೂಲ ಅದಕ್ಕೆ ಒದಗಿತು: ಮುಕ್ತಿ ಬಂತೇ ಇಲ್ಲವೇ ಎಂಬುದನ್ನು ಹೊರಗಿನವರು ಅಳೆಯುವಂತಿಲ್ಲ, ಖಿನ್ನತೆ ಇಳಿಯಿತೇ ಇಲ್ಲವೇ ಎಂಬುದನ್ನು ಒಂದು ಮಟ್ಟಿಗೆ ಅಳೆಯಬಹುದು. ಹಾಗೆ ಅಳೆದಾಗ ಈ ಚಿಕಿತ್ಸೆಯಿಂದ ಗುಣವಾಗುತ್ತದೆ ಎಂಬುದು ಗಟ್ಟಿಯಾಗಿಯೇ ತಿಳಿದುಬಂದಿದೆ. ಆದರೆ ಗುಣಪಡಿಸಿದ್ದು ಅರಿವೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಸಿಕ್ಕಿರುವ ಉತ್ತರ ಜ್ಞಾನವಾದಿಗಳಿಗೆ ಅಷ್ಟೊಂದು ಸಮಾಧಾನ ತರುವಂಥದ್ದಲ್ಲ.

ವೈದ್ಯಶಾಸ್ತ್ರದ ಅರ್ಥದಲ್ಲಿ ಖಿನ್ನತೆ ಎಂದರೆ ದಿನನಿತ್ಯದ ಬೇಸರವಲ್ಲ. ಕನಿಷ್ಠ ಎರಡು ವಾರಗಳ ಕಾಲ ಹೆಚ್ಚುಕಡಿಮೆ ಇಡೀ ದಿನ ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು, ಅದರ ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆಗಳು ಕೆಡುವುದು, ಸುಸ್ತು, ತಾನು ಯಾತಕ್ಕೂ ಬಾರದ ವ್ಯಕ್ತಿಯೆಂಬ ಭಾವ, ಸಾವಿನ ಯೋಚನೆ ಇವುಗಳಲ್ಲಿ ಹಲವು ಒಟ್ಟುಗೂಡಿ ಬದುಕಿನ ಕೆಲಸಗಳಿಗೆ ಅಡ್ಡಬರುವ ಸ್ಥಿತಿ ಅದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆರನ್ ಬೆಕ್ (1921–2021) ಮೊದಲು ಮನೋವಿಶ್ಲೇಷಣೆಯಲ್ಲಿ ತರಬೇತಿ ಪಡೆದವರು. ಖಿನ್ನತೆ ಎಂದರೆ ತನ್ನ ಮೇಲೆಯೇ ತಿರುಗಿದ ಕೋಪ ಎಂಬ ಫ್ರಾಯ್ಡ್ ಪರಂಪರೆಯ ಸಿದ್ಧಾಂತಕ್ಕೆ ಪುರಾವೆ ಒದಗಿಸಬೇಕೆಂದು ಅವರು ರೋಗಿಗಳ ಕನಸುಗಳನ್ನು ಪರಿಶೀಲಿಸತೊಡಗಿದಾಗ, ಅಲ್ಲಿ ಕೋಪಕ್ಕಿಂತ ಸೋಲು, ನಷ್ಟ, ತಿರಸ್ಕಾರಗಳೇ ಎದ್ದು ಕಂಡವು. ಎಚ್ಚರದ ಮಾತುಕತೆಯಲ್ಲಿಯೂ ಅವೇ ಇದ್ದವು. ರೋಗಿಯು ತನ್ನನ್ನು, ಜಗತ್ತನ್ನು, ತನ್ನ ನಾಳೆಯನ್ನು ಮೂರನ್ನೂ ಕತ್ತಲೆಯಾಗಿಯೇ ಕಾಣುತ್ತಾನೆ, ಆ ನೋಟವು ತಾನಾಗಿ ಥಟ್ಟನೆ ಹೊಳೆಯುವ ಯೋಚನೆಗಳ ರೂಪದಲ್ಲಿ ದಿನವಿಡೀ ಹರಿಯುತ್ತಿರುತ್ತದೆ, ಅವುಗಳ ಕೆಳಗೆ ಬಾಲ್ಯದಿಂದ ಬೇರುಬಿಟ್ಟ ಮೂಲ ನಂಬಿಕೆಗಳಿರುತ್ತವೆ, ಕುಗ್ಗಿದ ಮನಸ್ಸು ಈ ಯೋಚನೆಗಳ ಫಲವೇ ಹೊರತು ಯೋಚನೆಗಳು ಕೇವಲ ಅದರ ನೆರಳಲ್ಲ ಎಂಬುದು ಬೆಕ್ ಅವರ ಪ್ರತಿಪಾದನೆಯ ಸಾರ. 1961ರಲ್ಲಿ ಖಿನ್ನತೆಯನ್ನು ಅಳೆಯಲು 21 ಅಂಶಗಳ ಪ್ರಶ್ನಾವಳಿಯನ್ನು ರೂಪಿಸಿದ ಅವರು, 1979ರಲ್ಲಿ ಮೂವರು ಸಹೋದ್ಯೋಗಿಗಳೊಂದಿಗೆ ಚಿಕಿತ್ಸೆಯ ಕೈಪಿಡಿಯನ್ನು ಪ್ರಕಟಿಸಿದರು.

ಈ ಚಿಕಿತ್ಸೆಯಲ್ಲಿ ನಡೆಯುವುದೇನೆಂಬುದು ಅದರ ಮುಖ್ಯ ಸಾಧನವಾದ ಯೋಚನಾ ದಾಖಲೆಯ ಹಾಳೆಯನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಖಿನ್ನತೆಯಲ್ಲಿರುವ ಪ್ರೌಢಶಾಲಾ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಂಡರೆ, ಅವರ ಹಾಳೆಯ ಮೊದಲ ಅಂಕಣದಲ್ಲಿ ಸಂದರ್ಭವಷ್ಟೇ ಇರುತ್ತದೆ: ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಎದುರಿಗೆ ಬಂದರೂ ಮಾತನಾಡಿಸದೆ ಹೋದರು. ಎರಡನೆಯದರಲ್ಲಿ ಆ ಕ್ಷಣ ಹೊಳೆದ ಯೋಚನೆ: "ನನ್ನ ಪಾಠ ಅವರಿಗೆ ಸರಿಬಂದಿಲ್ಲ, ನಾನು ಯಾತಕ್ಕೂ ಲಾಯಕ್ಕಿಲ್ಲ." ಮೂರನೆಯದರಲ್ಲಿ ಅದರಿಂದ ಹುಟ್ಟಿದ ಭಾವ ಮತ್ತು ಅದರ ತೀವ್ರತೆ: ದುಃಖ, ನೂರಕ್ಕೆ 85. ಮುಂದಿನ ಎರಡು ಅಂಕಣಗಳಲ್ಲಿ ಆ ಯೋಚನೆಗೆ ಪರವಾದ ಪುರಾವೆ, ವಿರುದ್ಧವಾದ ಪುರಾವೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವರ ವಿಭಾಗದ ಫಲಿತಾಂಶ ಇಳಿದದ್ದು ಪರ. ಮುಖ್ಯೋಪಾಧ್ಯಾಯರು ಫೋನಿನಲ್ಲಿ ಮಾತನಾಡುತ್ತಿದ್ದದ್ದು, ಬೇರೆ ಯಾರನ್ನೂ ಅಂದು ಮಾತನಾಡಿಸದಿದ್ದದ್ದು, ಹಿಂದಿನ ವಾರವಷ್ಟೇ ಮಾದರಿ ಪಾಠ ಮಾಡಲು ಇವರನ್ನೇ ಕೇಳಿದ್ದು ವಿರುದ್ಧ. ಆರನೆಯದರಲ್ಲಿ ಎರಡನ್ನೂ ತೂಗಿ ಬರೆದ ಇನ್ನೊಂದು ಯೋಚನೆ, ಏಳನೆಯದರಲ್ಲಿ ದುಃಖಕ್ಕೆ ಮತ್ತೆ ಅಂಕ. ಅದು 85ರಿಂದ 50ಕ್ಕೆ ಇಳಿದರೆ ಸಾಕು. ಸೊನ್ನೆಗೆ ಇಳಿಯಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಈ ಕೆಲಸದಲ್ಲಿ ಚಿಕಿತ್ಸಕರು ಉಪದೇಶ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಮರುದಿನ ಮುಖ್ಯೋಪಾಧ್ಯಾಯರ ಬಳಿ ತಾನಾಗಿ ಹೋಗಿ ಮಾತನಾಡಿ ಏನಾಗುತ್ತದೆ ನೋಡಬೇಕೆಂಬಂಥ ಮನೆಗೆಲಸವನ್ನೂ ರೋಗಿಯ ಜೊತೆ ಕುಳಿತು ಗೊತ್ತುಮಾಡುತ್ತಾರೆ.

ಈ ವಿಧಾನದ ವಂಶಾವಳಿಯನ್ನು ಅದರ ಕರ್ತೃಗಳೇ ಗ್ರೀಸ್ ಮತ್ತು ರೋಮಿನ ಸ್ಟೋಯಿಕ್ ದಾರ್ಶನಿಕರವರೆಗೆ ಕೊಂಡೊಯ್ದಿದ್ದಾರೆ. ಗುಲಾಮನಾಗಿ ಬದುಕು ಆರಂಭಿಸಿ ನಿಕೊಪೊಲಿಸ್‌ನಲ್ಲಿ ಪಾಠಶಾಲೆ ನಡೆಸಿದ ಎಪಿಕ್ಟೆಟಸ್, ಮನುಷ್ಯರನ್ನು ಕಲಕುವುದು ಸಂಗತಿಗಳಲ್ಲ, ಸಂಗತಿಗಳ ಬಗ್ಗೆ ಅವರು ಮಾಡಿಕೊಳ್ಳುವ ನಿರ್ಣಯಗಳು ಎಂದು ಬೋಧಿಸಿದ್ದನು; ಬೆಕ್ ಅವರಿಗಿಂತ ತುಸು ಮೊದಲೇ ಇಂಥದೇ ಚಿಕಿತ್ಸೆಯನ್ನು ಕಟ್ಟಿದ ಆಲ್ಬರ್ಟ್ ಎಲ್ಲಿಸ್ ಅದನ್ನು ತಮ್ಮ ಪದ್ಧತಿಗೆ ಅಡಿಗಲ್ಲಾಗಿ ಇಟ್ಟುಕೊಂಡರು. ಭಾರತೀಯ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಯೋಚನಾ ದಾಖಲೆಯ ಹಾಳೆಯು ರೋಗಿಯ ಅನುಮಾನವನ್ನು, ಅಂದರೆ ಒಂದು ಕುರುಹಿನಿಂದ ಕಾಣದ ಸಂಗತಿಯನ್ನು ಊಹಿಸುವ ಕ್ರಮವನ್ನು, ಪರೀಕ್ಷೆಗೆ ಹಚ್ಚುತ್ತದೆ. ಮಾತನಾಡಿಸದೆ ಹೋಗುವುದಕ್ಕೂ ತಿರಸ್ಕಾರಕ್ಕೂ ನಡುವೆ, ಹೊಗೆಗೂ ಬೆಂಕಿಗೂ ಇರುವಂಥ ತಪ್ಪದ ಸಂಬಂಧ, ನೈಯಾಯಿಕರು ವ್ಯಾಪ್ತಿ ಎನ್ನುವುದು, ಇದೆಯೇ? ಇಲ್ಲವಾದರೆ ಆ ಹೇತು, ಅಂದರೆ ಆ ಕುರುಹು, ನಿಜವಾದ ಹೇತುವಲ್ಲ, ಹೇತುವಿನಂತೆ ತೋರುವ ಹೇತ್ವಾಭಾಸ. ಬೆಕ್ ಪಟ್ಟಿಮಾಡಿದ ಯೋಚನಾದೋಷಗಳಲ್ಲಿ ಬಹುಪಾಲು, ಒಂದೇ ಘಟನೆಯಿಂದ ಸಾರ್ವತ್ರಿಕ ನಿಯಮ ಹೊರಡಿಸುವುದು, ಪುರಾವೆಯಿಲ್ಲದೆ ನಿಷ್ಕರ್ಷೆಗೆ ಹಾರುವುದು ಮುಂತಾದವು, ಹೇತ್ವಾಭಾಸದ ಮಾದರಿಗಳೇ ಆಗಿವೆ.

ಪರಿಣಾಮದ ವಿಚಾರಕ್ಕೆ ಬಂದರೆ, ಮೊದಲ ಹೆಸರಾಂತ ಪ್ರಯೋಗ 1977ರದು. ಬೆಕ್ ಅವರ ಕೇಂದ್ರದಲ್ಲಿಯೇ 41 ರೋಗಿಗಳ ಮೇಲೆ ನಡೆದ ಆ ಪ್ರಯೋಗದಲ್ಲಿ ಹೊಸ ಚಿಕಿತ್ಸೆಯು ಆ ಕಾಲದ ಮುಖ್ಯ ಔಷಧವಾಗಿದ್ದ ಇಮಿಪ್ರಮಿನ್‌ಗಿಂತ ಮೇಲೆಂದು ಕಂಡಿತು; ಅಂತಿಮ ಅಳತೆಗೆ ಮುಂಚೆಯೇ ಮಾತ್ರೆಯನ್ನು ಇಳಿಸುತ್ತ ಬಂದಿದ್ದರೆಂಬ ಆಕ್ಷೇಪವೂ ಜೊತೆಗೇ ಬಂತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 250 ರೋಗಿಗಳನ್ನು ಸೇರಿಸಿಕೊಂಡು ನಡೆಸಿ 1989ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗ ಉತ್ಸಾಹವನ್ನು ತಗ್ಗಿಸಿತು. ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸದೆ ಚೀಟಿ ಎತ್ತಿದಂತೆ ಹಂಚುವ, ಯಾದೃಚ್ಛಿಕ ಎಂದು ಕರೆಯುವ ಆ ಕ್ರಮದಲ್ಲಿ ತೀವ್ರ ಖಿನ್ನತೆಯವರನ್ನು ಬೇರೆಯಾಗಿ ನೋಡಿದಾಗ, ಇಮಿಪ್ರಮಿನ್ ಹುಸಿಮಾತ್ರೆಗಿಂತ ಸ್ಪಷ್ಟವಾಗಿ ಮೇಲಾಗಿತ್ತು, ಸಿಬಿಟಿ ಆಗಿರಲಿಲ್ಲ. 2005ರಲ್ಲಿ ಇದೇ ಪ್ರಶ್ನೆಯನ್ನು 240 ಮಂದಿ ಮಧ್ಯಮ ಮತ್ತು ತೀವ್ರ ಖಿನ್ನತೆಯ ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಚಿತ್ರ ಬದಲಾಯಿತು: 16 ವಾರಗಳ ಕೊನೆಗೆ ಔಷಧದ ಗುಂಪಿನಲ್ಲಿಯೂ ಅರಿವಿನ ಚಿಕಿತ್ಸೆಯ ಗುಂಪಿನಲ್ಲಿಯೂ ಶೇ. 58ರಷ್ಟು ಮಂದಿ ಸುಧಾರಿಸಿದ್ದರು. ಚಿಕಿತ್ಸಕರ ಅನುಭವ ಹೆಚ್ಚಿದ್ದ ಕಡೆ ಫಲ ಹೆಚ್ಚು, ಕಡಿಮೆಯಿದ್ದ ಕಡೆ ಕಡಿಮೆ ಎಂಬ ಸೂಚನೆಯೂ ಅದರಲ್ಲಿತ್ತು.

ಇಂದು ಇಂಥ ಪ್ರಯೋಗಗಳು ನೂರಾರು. 2023ರಲ್ಲಿ ಪಿಮ್ ಕೈಪರ್ಸ್ ಮತ್ತು ಸಂಗಡಿಗರು 409 ಪ್ರಯೋಗಗಳ, ಒಟ್ಟು 52,702 ರೋಗಿಗಳ ಫಲಿತಾಂಶಗಳನ್ನು ಒಂದುಗೂಡಿಸಿ ನೋಡಿದಾಗ, ಸಿಬಿಟಿ ಪಡೆದವರಲ್ಲಿ ಶೇ. 42ರಷ್ಟು ಮಂದಿ ಗಣನೀಯವಾಗಿ ಸುಧಾರಿಸಿದ್ದರು, ಹೋಲಿಕೆಯ ಗುಂಪುಗಳಲ್ಲಿ ಶೇ. 19. ಅಲ್ಪಾವಧಿಯಲ್ಲಿ ಔಷಧದಷ್ಟೇ, ಆರು ತಿಂಗಳಿನಿಂದ ಒಂದು ವರ್ಷದ ಅವಧಿಯಲ್ಲಿ ಔಷಧಕ್ಕಿಂತ ತುಸು ಹೆಚ್ಚು ಎಂಬುದೂ ಅಲ್ಲಿ ಕಂಡಿತು. ಈ ಅಂಕಿಗಳನ್ನು ಅತ್ತಿತ್ತ ಎಳೆಯದೆ ಓದಬೇಕು. ಶೇ. 42 ಎಂದರೆ ಅರ್ಧಕ್ಕಿಂತ ಕಡಿಮೆ. ಚಿಕಿತ್ಸೆ ಪಡೆದೂ ಸಾಕಷ್ಟು ಸುಧಾರಿಸದವರೇ ಹೆಚ್ಚು. ಹೋಲಿಕೆಯ ಗುಂಪಿನವರನ್ನು ಸರದಿಪಟ್ಟಿಯಲ್ಲಿ ಕಾಯಿಸಿ ಕೂರಿಸಿದ ಪ್ರಯೋಗಗಳಲ್ಲಿ ಚಿಕಿತ್ಸೆಯ ಫಲ ಉಬ್ಬಿ ಕಾಣುತ್ತದೆ, ಏಕೆಂದರೆ ಕಾಯುವವನು ತನ್ನ ಪಾಡಿಗೆ ತಾನು ಬೇರೆ ದಾರಿ ಹುಡುಕುವುದನ್ನೂ ನಿಲ್ಲಿಸಿಬಿಡಬಹುದು. ಮಾತ್ರೆಯನ್ನು ಹುಸಿಮಾತ್ರೆಯಿಂದ ಮರೆಮಾಡಬಹುದಾದಂತೆ ಮಾತಿನ ಚಿಕಿತ್ಸೆಯನ್ನು ಮರೆಮಾಡುವಂತಿಲ್ಲ, ತನಗೆ ಚಿಕಿತ್ಸೆ ಸಿಗುತ್ತಿದೆಯೆಂಬುದು ರೋಗಿಗೆ ಗೊತ್ತೇ ಇರುತ್ತದೆ. ಇಷ್ಟೆಲ್ಲ ಕಳೆದರೂ ಉಳಿಯುವ ಪರಿಣಾಮ ಅಲ್ಪವಲ್ಲ. ತತ್ತ್ವವಿಚಾರಕ್ಕೆ ಹೆಚ್ಚು ಮುಖ್ಯವಾದದ್ದು ಅದೇ ವಿಶ್ಲೇಷಣೆಯ ಇನ್ನೊಂದು ನಿಷ್ಕರ್ಷೆ: ಖಿನ್ನತೆಗಾಗಿ ರೂಪುಗೊಂಡ ಬೇರೆ ಮಾತಿನ ಚಿಕಿತ್ಸೆಗಳಿಗೂ ಸಿಬಿಟಿಗೂ ನಡುವಿನ ಅಂತರ ಇಲ್ಲವೆನ್ನುವಷ್ಟು ಕಿರಿದು. ತಪ್ಪು ಯೋಚನೆಯನ್ನು ತಿದ್ದುವುದೇ ಮದ್ದಾಗಿದ್ದರೆ, ಯೋಚನೆಯ ಗೊಡವೆಗೇ ಹೋಗದೆ ಸಂಬಂಧಗಳ ಬಿಕ್ಕಟ್ಟನ್ನು ಬಿಡಿಸುವ ಚಿಕಿತ್ಸೆಯೂ ಅಷ್ಟೇ ಗುಣ ಕೊಡುವುದು ಹೇಗೆ?

ಈ ಪ್ರಶ್ನೆಯನ್ನು ನೇರವಾಗಿ ಕೇಳಿದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ ಜೇಕಬ್ಸನ್. 1996ರಲ್ಲಿ ಪ್ರಕಟವಾದ ಅವರ ಪ್ರಯೋಗ ಸಿಬಿಟಿಯನ್ನು ಬಿಡಿಬಿಡಿ ಭಾಗಗಳಾಗಿ ಕಳಚಿ ನೋಡಿತು. ಒಂದು ಗುಂಪಿಗೆ ಪೂರ್ಣ ಚಿಕಿತ್ಸೆ. ಇನ್ನೊಂದಕ್ಕೆ ಯೋಚನೆಯನ್ನು ಮುಟ್ಟದೆ, ರೋಗಿಯ ದಿನಚರಿಯಲ್ಲಿ ನಿಂತುಹೋಗಿದ್ದ ಕೆಲಸಗಳನ್ನು, ತೃಪ್ತಿ ಅಥವಾ ಖುಷಿ ಕೊಡುತ್ತಿದ್ದ ಚಟುವಟಿಕೆಗಳನ್ನು ಹಂತಹಂತವಾಗಿ ಮರಳಿ ತರುವ ಭಾಗವೊಂದೇ, ಅಂದರೆ ಬಿಹೇವಿಯರಲ್ ಆಕ್ಟಿವೇಶನ್. ಎರಡರ ಫಲವೂ ಸಮನಾಗಿತ್ತು. 2006ರ ಮುಂದಿನ ಪ್ರಯೋಗದಲ್ಲಿ, ತೀವ್ರ ಖಿನ್ನತೆಯವರಲ್ಲಿ ಚಟುವಟಿಕೆಯ ಚಿಕಿತ್ಸೆ ಅರಿವಿನ ಚಿಕಿತ್ಸೆಗಿಂತ ಮೇಲಾಗಿ ಔಷಧಕ್ಕೆ ಸರಿಗಟ್ಟಿತು. ಇಂಗ್ಲೆಂಡಿನಲ್ಲಿ 440 ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಕೋಬ್ರಾ ಪ್ರಯೋಗದಲ್ಲಿ, ಮನೋಚಿಕಿತ್ಸೆಯ ವೃತ್ತಿಪರ ತರಬೇತಿಯಿಲ್ಲದ ಕಿರಿಯ ಸಿಬ್ಬಂದಿ ನೀಡಿದ ಚಟುವಟಿಕೆಯ ಚಿಕಿತ್ಸೆ, ನುರಿತ ಚಿಕಿತ್ಸಕರು ನೀಡಿದ ಸಿಬಿಟಿಗೆ ಕಡಿಮೆಯಾಗಲಿಲ್ಲ. ಇದಕ್ಕೂ ಬಹಳ ಮೊದಲು, 1984ರಲ್ಲಿ ಸೈಮನ್ಸ್ ಮತ್ತು ಸಂಗಡಿಗರು ಬರಿಯ ಮಾತ್ರೆಯಿಂದ ಗುಣವಾದವರಲ್ಲಿಯೂ ಕತ್ತಲೆಯ ಯೋಚನೆಗಳು ಅಷ್ಟೇ ಕಡಿಮೆಯಾದದ್ದನ್ನು ತೋರಿಸಿದ್ದರು. ಎಂದರೆ ಯೋಚನೆ ಬದಲಾದದ್ದು ಗುಣವಾದುದರ ಕಾರಣವೋ ಅದರ ಫಲವೋ ಎಂಬುದು ಅಲ್ಲಿಗೆ ಅನಿಶ್ಚಿತವಾಯಿತು.

ಅರಿವಿನ ಪಕ್ಷಕ್ಕೂ ಬಲವಾದ ವಾದಗಳಿವೆ. ಕೆಲವು ರೋಗಿಗಳಲ್ಲಿ ಎರಡು ಭೇಟಿಗಳ ನಡುವೆ ಖಿನ್ನತೆ ಇದ್ದಕ್ಕಿದ್ದಂತೆ ಬಹಳಷ್ಟು ಇಳಿಯುವುದನ್ನು 1999ರಲ್ಲಿ ಟ್ಯಾಂಗ್ ಮತ್ತು ಡಿರೂಬೈಸ್ ಗುರುತಿಸಿದರು. ಆ ಇಳಿತಕ್ಕೆ ಮುಂಚಿನ ಭೇಟಿಯ ಧ್ವನಿಮುದ್ರಿಕೆಯನ್ನು ಪರಿಶೀಲಿಸಿದರೆ ಅಲ್ಲಿ ರೋಗಿಯ ನಂಬಿಕೆಯೊಂದು ಪಲ್ಲಟವಾದ ಗುರುತು ಸಿಗುತ್ತಿತ್ತು. ಇದಕ್ಕಿಂತ ಗಟ್ಟಿಯಾದದ್ದು ಮರುಕಳಿಕೆಯ ಲೆಕ್ಕ. 2005ರ ಪ್ರಯೋಗದಲ್ಲಿ ಗುಣವಾದವರನ್ನು ಮುಂದೆ ಒಂದು ವರ್ಷ ಗಮನಿಸಿದಾಗ, ಔಷಧ ನಿಲ್ಲಿಸಿದವರಲ್ಲಿ ಶೇ. 76ರಷ್ಟು ಮಂದಿಗೆ ರೋಗ ಮರುಕಳಿಸಿತು. ಅರಿವಿನ ಚಿಕಿತ್ಸೆ ಮುಗಿಸಿದವರಲ್ಲಿ ಶೇ. 31ಕ್ಕೆ ಮಾತ್ರ. ಅದ್ವೈತಿಗಳು ಕರ್ಮದ ವಿರುದ್ಧ ಹೂಡುವ ಹಳೆಯ ವಾದವನ್ನು ಇದು ನೆನಪಿಸುತ್ತದೆ: ಮಾಡಿ ಪಡೆದದ್ದು ಮಾಡುವುದು ನಿಂತಾಗ ಸವೆಯುತ್ತದೆ, ತಿಳಿದು ಪಡೆದದ್ದು ಸವೆಯುವುದಿಲ್ಲ. ಆದರೆ 2006ರ ಪ್ರಯೋಗದವರನ್ನು ಹಿಂಬಾಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಟುವಟಿಕೆಯ ಚಿಕಿತ್ಸೆಯ ಫಲವೂ ಬಹುಮಟ್ಟಿಗೆ ಹಾಗೆಯೇ ಉಳಿದುಕೊಂಡಿತು. ಸವೆಯದೆ ಉಳಿಯುವುದು ಅರಿವಿನ ಗುಣವಷ್ಟೇ ಅಲ್ಲ, ಅಭ್ಯಾಸದ ಗುಣವೂ ಹೌದೆಂದಾಯಿತು.

ಇಲ್ಲಿ ವೇದಾಂತದೊಳಗಿನ ಒಂದು ಜಗಳ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ. ಹಗ್ಗವನ್ನು ಹಾವೆಂದು ಕಂಡು ಹೆದರಿದವನು ದೀಪ ತಂದು ನೋಡಿದ ಕೂಡಲೆ ಹಾವೂ ಹೋಗುತ್ತದೆ, ಹೆದರಿಕೆಯೂ ಹೋಗುತ್ತದೆ. ಅರಿವು ಹುಟ್ಟಿದ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಶಂಕರರ ನಿಲುವು, ಅದನ್ನು ಅವರ ಶಿಷ್ಯ ಸುರೇಶ್ವರರು ನೈಷ್ಕರ್ಮ್ಯಸಿದ್ಧಿಯಲ್ಲಿ ಗಟ್ಟಿಯಾಗಿ ಸಮರ್ಥಿಸಿದರು. ಮಂಡನಮಿಶ್ರರು ಇದನ್ನು ಒಪ್ಪಲಿಲ್ಲ. ಕಣ್ಣಿನ ತಿಮಿರದೋಷವುಳ್ಳವನಿಗೆ ಚಂದ್ರ ಒಬ್ಬನೇ ಎಂಬುದು ಸಂಶಯವಿಲ್ಲದೆ ಗೊತ್ತಿದ್ದರೂ ಕಾಣುವುದು ಇಬ್ಬರೇ. ಹಾಗೆಯೇ ಮಾತಿನಿಂದ ಹುಟ್ಟಿದ ಅರಿವು ಎಷ್ಟೇ ನಿಶ್ಚಿತವಾಗಿದ್ದರೂ, ತಪ್ಪು ನೋಟದ ಸಂಸ್ಕಾರಗಳು, ಅಂದರೆ ಹಿಂದಿನ ಅನುಭವಗಳು ಮನಸ್ಸಿನಲ್ಲಿ ಉಳಿಸಿದ ಅಚ್ಚುಗಳು, ಪುನರಾವೃತ್ತಿಯಿಂದ ಗಟ್ಟಿಯಾಗಿರುವುದರಿಂದ ಅವನ್ನು ಅಷ್ಟೇ ದೀರ್ಘವಾದ ಪುನರಾವೃತ್ತಿಯಿಂದ ಸವೆಸಬೇಕು ಎಂದು ಅವರು ಬ್ರಹ್ಮಸಿದ್ಧಿಯಲ್ಲಿ ವಾದಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು ಶಂಕರರ ಪರಂಪರೆಯೊಳಗೆ ನಿಂತೇ ಜೀವನ್ಮುಕ್ತಿವಿವೇಕದಲ್ಲಿ ಈ ಆಕ್ಷೇಪಕ್ಕೆ ಜಾಗ ಮಾಡಿಕೊಟ್ಟರು: ತತ್ತ್ವಜ್ಞಾನದ ಜೊತೆಗೆ ವಾಸನಾಕ್ಷಯ ಮತ್ತು ಮನೋನಾಶ, ಅಂದರೆ ಬೇರೂರಿದ ಒಲವುಗಳನ್ನು ಸವೆಸುವುದು ಮತ್ತು ಮನಸ್ಸಿನ ಅಲೆದಾಟವನ್ನು ಅಡಗಿಸುವುದು, ಈ ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡಿದಾಗ ಮಾತ್ರ ಬದುಕಿರುವಾಗಲೇ ದುಃಖದ ಬಿಡುಗಡೆ ಅನುಭವಕ್ಕೆ ಬರುತ್ತದೆ.

ಸಿಬಿಟಿಯನ್ನು ಆಚರಿಸುವವರಿಗೆ ಚೆನ್ನಾಗಿ ಪರಿಚಯವಿರುವ ಒಂದು ಅಡಚಣೆಯನ್ನು ಈ ಬೆಳಕಿನಲ್ಲಿ ನೋಡಬಹುದು. ಹಾಳೆಯ ಏಳು ಅಂಕಣಗಳನ್ನೂ ತುಂಬಿ, ತನ್ನ ಯೋಚನೆ ತಪ್ಪೆಂದು ತಾನೇ ತೀರ್ಮಾನಿಸಿದ ರೋಗಿಯೂ "ಬುದ್ಧಿಗೆ ಗೊತ್ತಾಗುತ್ತದೆ, ಮನಸ್ಸು ಒಪ್ಪುವುದಿಲ್ಲ" ಎನ್ನುತ್ತಾನೆ. ಖಿನ್ನತೆಯ ತಪ್ಪು ಹಗ್ಗ-ಹಾವಿನ ಜಾತಿಯದಾಗಿದ್ದರೆ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಅದು ಎರಡು ಚಂದ್ರರ ಜಾತಿಯದು. ಬೆಕ್ ಹೇಳಿದ ಮೂಲ ನಂಬಿಕೆಗಳು ತಾರ್ಕಿಕ ಪ್ರತಿಜ್ಞೆಗಳಂತೆ ವರ್ತಿಸದೆ ವಾಸನೆಗಳಂತೆ ವರ್ತಿಸುತ್ತವೆ. ಶಿಕ್ಷಕಿಯ ಹಾಳೆಯಲ್ಲಿ ಆರನೆಯ ಅಂಕಣಕ್ಕಿಂತಲೂ ಮರುದಿನ ಎದ್ದು ಹೋಗಿ ಮಾತನಾಡಿಸುವ ಮನೆಗೆಲಸವೇ ಹೆಚ್ಚು ಗುಣ ಕೊಡುತ್ತಿರಬಹುದು, ಅಥವಾ ಎರಡೂ ಒಂದೇ ಅಭ್ಯಾಸದ ಎರಡು ಕೈಗಳಾಗಿರಬಹುದು. ಪ್ರಯೋಗಗಳು ಈವರೆಗೆ ಕೊಟ್ಟಿರುವ ಪುರಾವೆಯು ಸುರೇಶ್ವರರಿಗಿಂತ ಮಂಡನ ಮತ್ತು ವಿದ್ಯಾರಣ್ಯರ ಕಡೆಗೆ ವಾಲಿದೆ ಎಂದರೆ ತಪ್ಪಾಗದು. ಹಾಗೆಂದು ಈ ಆಚಾರ್ಯರು ಖಿನ್ನತೆಯ ಚಿಕಿತ್ಸೆ ಬರೆದಿದ್ದರೆಂದು ಹೊರಡುವುದು ಮಾತ್ರ ಬೇಡ. ಅವರು ಮಾತನಾಡಿದ್ದು ಆತ್ಮದ ಕುರಿತಾದ ಅವಿದ್ಯೆಯ ಬಗ್ಗೆ, ಮುಖ್ಯೋಪಾಧ್ಯಾಯರ ಕುರಿತಾದ ತಪ್ಪು ಊಹೆಯ ಬಗ್ಗೆ ಅಲ್ಲ. ಅವರಿಂದ ದೊರೆಯುವುದು ಔಷಧವಲ್ಲ, ಒಂದು ಭೇದವನ್ನು ನಿಖರವಾಗಿ ಹೇಳುವ ಭಾಷೆ.

ಇನ್ನೂ ಆಳದ ತೊಡಕೊಂದಿದೆ. ರೋಗಿಯ ಯೋಚನೆ ನಿಜವೇ ಆಗಿದ್ದರೆ? ಮಳೆ ಕೈಕೊಟ್ಟು ಸಾಲ ಬೆಳೆದವನ, ಕೆಲಸ ಹೋದವನ, ಮನೆಯವರಿಂದ ದಿನವೂ ಅವಮಾನ ಉಣ್ಣುವವಳ ಕತ್ತಲೆಯ ಎಣಿಕೆಯಲ್ಲಿ ಹೇತ್ವಾಭಾಸ ಇಲ್ಲದಿರಬಹುದು. 1979ರಲ್ಲಿ ಲಾರೆನ್ ಅಲಾಯ್ ಮತ್ತು ಲಿನ್ ಅಬ್ರಾಮ್ಸನ್, ಗುಂಡಿ ಒತ್ತುವುದಕ್ಕೂ ದೀಪ ಹೊತ್ತುವುದಕ್ಕೂ ಇರುವ ಸಂಬಂಧವನ್ನು ಅಂದಾಜಿಸುವ ಪ್ರಯೋಗ ನಡೆಸಿ, ಕುಗ್ಗಿದ ಮನಸ್ಸಿನವರೇ ಸರಿಯಾಗಿ ಅಂದಾಜಿಸುತ್ತಾರೆ, ಆರೋಗ್ಯವಂತರು ತಮ್ಮ ಹಿಡಿತವನ್ನು ಇರುವುದಕ್ಕಿಂತ ಹೆಚ್ಚಾಗಿ ಕಲ್ಪಿಸಿಕೊಳ್ಳುತ್ತಾರೆ ಎಂದು ಹೇಳಿದಾಗ ಅದು ಬೆಕ್ ಅವರ ಬುಡಕ್ಕೇ ಕೊಡಲಿಯಿಟ್ಟಂತೆ ಕಂಡಿತ್ತು. 2022ರಲ್ಲಿ ಆ ಪ್ರಯೋಗವನ್ನು ಹೆಚ್ಚು ಮಂದಿಯೊಂದಿಗೆ ಮರಳಿ ಮಾಡಿದಾಗ ಆ ಫಲ ಬರಲಿಲ್ಲ. ಆದ್ದರಿಂದ ದುಃಖಿಯೇ ಸತ್ಯದರ್ಶಿ ಎಂಬ ರಮ್ಯ ಕಲ್ಪನೆಗೆ ಈಗ ಹೆಚ್ಚು ಆಧಾರವಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ. ಪತಂಜಲಿಯ ಯೋಗಸೂತ್ರ ಚಿತ್ತದ ವೃತ್ತಿಗಳನ್ನು, ಎಂದರೆ ಮನಸ್ಸು ತಳೆಯುವ ಆಕಾರಗಳನ್ನು, ಎರಡು ಬೇರೆಬೇರೆ ರೀತಿಯಲ್ಲಿ ವಿಂಗಡಿಸುತ್ತದೆ. ಒಂದು ವಿಂಗಡಣೆಯಲ್ಲಿ ಪ್ರಮಾಣ ಎಂಬ ಸರಿಯಾದ ಅರಿವು, ವಿಪರ್ಯಯ ಎಂಬ ತಪ್ಪು ಅರಿವು ಮೊದಲಾದ ಐದು ಬಗೆ. ಇನ್ನೊಂದರಲ್ಲಿ ಕ್ಲೇಶಕ್ಕೆ ಅಂಟಿಕೊಂಡದ್ದು, ಅಂಟಿಕೊಳ್ಳದ್ದು ಎಂಬ ಎರಡು ಬಗೆ. ಒಂದರ ಮೇಲೊಂದು ಇಟ್ಟರೆ ಇವು ಹೊಂದಿಕೊಳ್ಳುವುದಿಲ್ಲ, ಹೊಂದಿಕೊಳ್ಳಬೇಕಾಗಿಯೂ ಇಲ್ಲ: ಪ್ರಮಾಣವೂ ಕ್ಲೇಶಕ್ಕೆ ಸೇರಬಹುದು. ಬೆಕ್ ಅವರ ಮೂಲ ಸಿದ್ಧಾಂತ ನೋವು ತರುವ ಯೋಚನೆಯನ್ನು ತಪ್ಪು ಯೋಚನೆಯೊಂದಿಗೆ ಬೇಗನೆ ಸಮೀಕರಿಸಿಬಿಟ್ಟಿತು.

ನುರಿತ ಚಿಕಿತ್ಸಕರು ವ್ಯವಹಾರದಲ್ಲಿ ಈ ದೋಷವನ್ನು ದಾಟುತ್ತಾರೆ. ಸಾಲ ನಿಜವಾದರೆ ಅದನ್ನು ಸುಳ್ಳೆನ್ನುವುದಿಲ್ಲ. ಮೊದಲು ಯಾರ ಬಳಿ ಹೋಗಬೇಕು, ಯಾವುದನ್ನು ಮುಂದೂಡಬಹುದು ಎಂಬ ಸಮಸ್ಯಾಪರಿಹಾರಕ್ಕೆ ತಿರುಗುತ್ತಾರೆ, ಮತ್ತು "ಸಾಲ ತೀರಿಸಲಾರೆ" ಎಂಬ ಸತ್ಯದಿಂದ "ನಾನು ಬದುಕಲು ಯೋಗ್ಯನಲ್ಲ" ಎಂಬ ನಿಷ್ಕರ್ಷೆಗೆ ನೆಗೆದ ಜಾಗವನ್ನಷ್ಟೇ ಹಿಡಿಯುತ್ತಾರೆ. ಆದರೆ ಆ ಎರಡನೆಯ ವಾಕ್ಯ ನಿಜ-ಸುಳ್ಳುಗಳ ವರ್ಗಕ್ಕೇ ಸೇರಿದ್ದಲ್ಲ. ಅದೊಂದು ಮೌಲ್ಯನಿರ್ಣಯ, ಪುರಾವೆಯ ಅಂಕಣಗಳು ಅದನ್ನು ಅಲ್ಲಗಳೆಯಲಾರವು, ಮನುಷ್ಯನ ಬೆಲೆ ಅವನ ಗಳಿಕೆಯಿಂದ ನಿರ್ಧಾರವಾಗುವುದಿಲ್ಲ ಎಂಬ ಇನ್ನೊಂದು ಮೌಲ್ಯವೇ ಅಲ್ಲಗಳೆಯಬೇಕು. ಎಲ್ಲಿಸ್ ಈ ವಿಷಯದಲ್ಲಿ ಪ್ರಾಮಾಣಿಕರು. ನಿಜ-ಸುಳ್ಳುಗಳ ಬದಲು ತಮ್ಮ ತತ್ತ್ವವನ್ನೇ ಮುಂದಿಟ್ಟು ವಾದಿಸುತ್ತಿದ್ದರು. ಬೆಕ್ ಪರಂಪರೆಯಲ್ಲಿ ಆ ಮೌಲ್ಯ ವಿಜ್ಞಾನದ ಉಡುಪಿನಲ್ಲಿ ಒಳಬರುತ್ತದೆ. ಈ ತೊಡಕಿನಿಂದ ಪಾರಾಗುವ ಇನ್ನೊಂದು ದಾರಿಯನ್ನು ಬೌದ್ಧ ಧ್ಯಾನದಿಂದ ಎರವಲು ಪಡೆದು ಟೀಸ್ಡೇಲ್, ವಿಲಿಯಮ್ಸ್, ಸೀಗಲ್ ಅವರು ಮೈಂಡ್‌ಫುಲ್‌ನೆಸ್ ಆಧಾರಿತ ಚಿಕಿತ್ಸೆಯಾಗಿ ರೂಪಿಸಿದರು: ಯೋಚನೆ ನಿಜವೇ ಎಂದು ವಿಚಾರಿಸುವುದನ್ನು ಬಿಟ್ಟು, ಅದು ಬಂದುಹೋಗುವ ಒಂದು ವೃತ್ತಿಯೆಂದು ಸಾಕ್ಷಿಯಂತೆ ನೋಡುವುದು. 2000ದಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಒಳಗಾಗಿದ್ದವರಲ್ಲಿ ಮರುಕಳಿಕೆ ಶೇ. 66ರಿಂದ ಶೇ. 37ಕ್ಕೆ ಇಳಿಯಿತು.

ಭಾರತದ ಸಂದರ್ಭದಲ್ಲಿ ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ: ಭಗವದ್ಗೀತೆಯೇ ಮೊದಲ ಸಿಬಿಟಿ, ಅರ್ಜುನನೇ ಮೊದಲ ರೋಗಿ ಎಂಬುದು. ವಿಷಾದ ಎಂಬ ಪದವೊಂದನ್ನು ಬಿಟ್ಟರೆ ಈ ಹೋಲಿಕೆಗೆ ಹೆಚ್ಚು ಬಲವಿಲ್ಲ. ಅರ್ಜುನನದು ಧರ್ಮಸಂಕಟ, ರೋಗವಲ್ಲ. ಕೃಷ್ಣನು ಪ್ರಶ್ನೆ ಕೇಳಿ ಅವನಿಂದಲೇ ಉತ್ತರ ತೆಗೆಸುವುದಿಲ್ಲ, ಉಪದೇಶಿಸುತ್ತಾನೆ, ನಡುವೆ ವಿಶ್ವರೂಪವನ್ನೇ ತೋರಿಸುತ್ತಾನೆ. ಯಾವ ಕೈಪಿಡಿಯೂ ಚಿಕಿತ್ಸಕನಿಗೆ ಅಷ್ಟು ಸ್ವಾತಂತ್ರ್ಯ ಕೊಡುವುದಿಲ್ಲ. ಹೋಲಿಕೆಯೊಳಗೆ ಅಡಗಿರುವ ನಿಜವಾದ ವಿಷಯ ಬೇರೆ, ಅದು ಉಪದೇಶದ ನಿರೀಕ್ಷೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಮ್ 1964ರಲ್ಲಿಯೇ, ಇಲ್ಲಿನ ರೋಗಿಗಳು ಒಳಮನಸ್ಸಿನ ವಿವರಣೆಗಿಂತ ಎದುರಿಗಿರುವ ಕಷ್ಟಕ್ಕೆ ನೇರ ಆಸರೆಯನ್ನು ಬಯಸುತ್ತಾರೆ ಎಂದು ಗಮನಿಸಿದ್ದರ ಹಿನ್ನೆಲೆಯಲ್ಲಿ, ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟರು. ರೋಗಿಯ ಧರ್ಮದ ಮಾತುಗಳನ್ನೇ ಬಳಸಿ ಸಿಬಿಟಿ ಕೊಡಬಹುದೇ ಎಂಬ ಪ್ರಶ್ನೆಗೆ ಹೆರಾಲ್ಡ್ ಕೋನಿಗ್ ಮತ್ತು ಸಂಗಡಿಗರು 2015ರಲ್ಲಿ 132 ರೋಗಿಗಳ ಪ್ರಯೋಗದಿಂದ ಉತ್ತರ ಹುಡುಕಿದರು. ಹಿಂದೂ, ಬೌದ್ಧ, ಇಸ್ಲಾಂ, ಯಹೂದಿ, ಕ್ರೈಸ್ತ ಧರ್ಮಗಳಿಗೆ ಹೊಂದಿಸಿದ ಕೈಪಿಡಿಗಳಿದ್ದ ಆ ಚಿಕಿತ್ಸೆ ಸಾಮಾನ್ಯ ಸಿಬಿಟಿಗೆ ಸಮನಾಗಿತ್ತು, ಮೇಲಾಗಿರಲಿಲ್ಲ.

ಅಭ್ಯಾಸದ ಪಕ್ಷಕ್ಕೆ ನೆರೆಯ ಗೋವಾದಿಂದಲೇ ಒಂದು ಸಾಕ್ಷ್ಯವಿದೆ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಹುಮಟ್ಟಿಗೆ ತೀವ್ರವಾದ ಖಿನ್ನತೆಯ 495 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೋವಿಜ್ಞಾನದ ಪದವಿಯಿಲ್ಲದ, ಊರಿನವರೇ ಆದ ಸಲಹೆಗಾರರು ತರಬೇತಿ ಪಡೆದು ಚಟುವಟಿಕೆಯ ಚಿಕಿತ್ಸೆಯನ್ನು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದರು; ಮೂರು ತಿಂಗಳ ನಂತರ ಚಿಕಿತ್ಸೆ ಪಡೆದವರಲ್ಲಿ ಶೇ. 64, ಸುಧಾರಿತ ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 39 ಮಂದಿ ಖಿನ್ನತೆಯ ಗಡಿಯಿಂದ ಹೊರಬಂದಿದ್ದರು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ದೊರೆಯುತ್ತಿರಲಿಲ್ಲವಾದ್ದರಿಂದ, ಗೋವಾದ ಈ ಮಾದರಿಗೆ ಇರುವ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆ ಚಿಕಿತ್ಸೆ ದೊರೆಯದವರಲ್ಲಿ ಬಹಳ ಮಂದಿಗೆ ಸಿಗುವುದು ಬುದ್ಧಿಮಾತು. ಸಂಸಾರ ಇರುವುದೇ ಹೀಗೆ, ಸುಮ್ಮನೆ ಏನೇನೋ ಯೋಚಿಸಬೇಡ, ದೇವರ ಮೇಲೆ ಭಾರ ಹಾಕು ಎಂದು ಹಿರಿಯರೋ ಮಠದ ಸ್ವಾಮಿಗಳೋ ನೆಂಟರೋ ಹೇಳುತ್ತಾರೆ, ಹೇಳುವವರ ಪ್ರೀತಿಯಲ್ಲಿ ಕೊರತೆಯೂ ಇರುವುದಿಲ್ಲ. ಎರಡು ಚಂದ್ರರನ್ನು ಕಾಣುವವನಿಗೆ ಒಬ್ಬನೇ ಎಂದು ಹೇಳಿದಂತೆ ಆ ಮಾತು ಕೇಳಿಸುತ್ತದೆ, ನಿಜವೆಂದೂ ತೋರುತ್ತದೆ, ಆದರೆ ನೋಟ ಬದಲಾಗುವುದಿಲ್ಲ. ಬದಲಾಗದ್ದಕ್ಕೆ ರೋಗಿ ತನ್ನನ್ನೇ ಇನ್ನಷ್ಟು ದೂಷಿಸಿಕೊಳ್ಳುತ್ತಾನೆ. ಪ್ರಯೋಗಗಳಲ್ಲಿ ಫಲ ಕೊಟ್ಟ ಸಿಬಿಟಿ ಎಂದರೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳುಗಳಲ್ಲಿ ಹನ್ನೆರಡರಿಂದ ಇಪ್ಪತ್ತು ಭೇಟಿಗಳು, ಪ್ರತಿ ಎರಡು ಭೇಟಿಗಳ ನಡುವೆ ಬರೆದು ಅಥವಾ ಮಾಡಿ ತರಬೇಕಾದ ಮನೆಗೆಲಸ, ಮತ್ತು ರೋಗ ತೀವ್ರವಾಗಿದ್ದರೆ ಅಥವಾ ಸಾವಿನ ಯೋಚನೆ ಬರುತ್ತಿದ್ದರೆ ಜೊತೆಗೆ ಮನೋವೈದ್ಯರ ಮೇಲ್ವಿಚಾರಣೆ. ಒಂದೆರಡು ಸಲ ಕೂರಿಸಿಕೊಂಡು ಹಾಗೆ ಯೋಚಿಸಬಾರದೆಂದು ತಿಳಿಹೇಳಿದ್ದು, ಹೇಳಿದವರು ಗುರುವಾಗಿರಲಿ, ವೈದ್ಯರೇ ಆಗಿರಲಿ, ಈ ಚಿಕಿತ್ಸೆಯಲ್ಲ.